ಕಿರಾತಕಡ್ಡಿ ಕೇಳಿದರೆ ನೆಲಬೇವು ಕೊಟ್ಟರು: ಎರಡೂ ಒಂದೇನಾ?

ಪ್ರಶ್ನೆ: ಜ್ವರ ಬಿಟ್ಟು ವಾರವಾದರೂ ಬಾಯಿಗೆ ರುಚಿಯಿಲ್ಲ. ಕಿರಾತಕಡ್ಡಿ ಕಷಾಯ ಕುಡಿಯಲು ಹಿರಿಯರು ಹೇಳಿದರು. ಗ್ರಂಧಿಗೆ ಅಂಗಡಿಯಲ್ಲಿ ಹಸಿರು ಕಡ್ಡಿ ಕಟ್ಟಿಕೊಟ್ಟು "ನೆಲಬೇವು ಅಂದ್ರೂ ಇದೇ, ಕಿರಾತಕಡ್ಡಿ ಅಂದ್ರೂ ಇದೇ" ಎಂದರು. ಹೌದೇ? ಕಷಾಯ ಮಾಡುವುದು ಹೇಗೆ?

ಉತ್ತರ: ಅಂಗಡಿಯವರು ಸುಳ್ಳು ಹೇಳಿಲ್ಲ. ನಮ್ಮ ಕಡೆ ಕಿರಾತಕಡ್ಡಿ ಎಂಬ ಹೆಸರು ಎರಡು ಗಿಡಕ್ಕೂ ಓಡುತ್ತದೆ. ಗಿಡಗಳು ಮಾತ್ರ ಬೇರೆ ಬೇರೆ, ಒಂದೇ ಕುಟುಂಬದವೂ ಅಲ್ಲ.

ಅಸಲಿ ಕಿರಾತಕಡ್ಡಿ, ಅಂದರೆ ಸಂಸ್ಕೃತದ ಕಿರಾತತಿಕ್ತ, ಹಿಂದಿಯ ಚಿರಾಯತ, ಹಿಮಾಲಯದ ಗಿಡ. ಸ್ವೆರ್ಷಿಯಾ ಚಿರಾಯಿತ ಎಂಬುದು ಅದರ ಸಸ್ಯಶಾಸ್ತ್ರೀಯ ಹೆಸರು. ಸುಮಾರು 1200ರಿಂದ 3000 ಮೀಟರ್ ಎತ್ತರದ ಇಳಿಜಾರುಗಳಲ್ಲಿ ಬೆಳೆಯುತ್ತದೆ. ಮಾರುಕಟ್ಟೆಗೆ ಬರುವ ಮಾಲಿನಲ್ಲಿ ನೇಪಾಳದ್ದೇ ಹೆಚ್ಚು. ಬೆಟ್ಟದ ಜನರಾದ ಕಿರಾತರ ಹೆಸರೇ ಅದಕ್ಕಿದೆ. 1839ರಲ್ಲಿ ಎಡಿನ್‌ಬರೋ ಔಷಧಕೋಶಕ್ಕೂ (ಅಲ್ಲಿನ ಅಧಿಕೃತ ಔಷಧಗಳ ಪಟ್ಟಿಗೆ) ಸೇರಿತ್ತು. ಬೇರುಸಹಿತ ಕಿತ್ತು ಮಾರುವ ಗಿಡವಾದ್ದರಿಂದ, ಬೀಜ ಉದುರುವ ಮೊದಲೇ ಕಿತ್ತ ಕಡೆಯಲ್ಲಿ ಮತ್ತೆ ಹುಟ್ಟುವುದಿಲ್ಲ. ಬೆಲೆ ಏರಲು ಇದೂ ಕಾರಣ.

ನಿಮಗೆ ಸಿಕ್ಕಿರುವುದು ಬಹುಶಃ ಆಂಡ್ರೊಗ್ರಾಫಿಸ್, ಅಂದರೆ ನಮ್ಮ ಬಯಲಲ್ಲೂ ಹಿತ್ತಲಲ್ಲೂ ಬೆಳೆಯುವ ನೆಲಬೇವು.

ನಾಲಿಗೆಯಿಂದ ಗುರುತಿಸಲು ಹೋಗಬೇಡಿ. ಎರಡೂ ಗಂಟಲವರೆಗೆ ಕಹಿ. ಕಡ್ಡಿ ಮುರಿದು ನೋಡಿ. ಹಿಮಾಲಯದ್ದಾದರೆ ಹೊರಗೆ ಕಂದು, ಕೆಲವೊಮ್ಮೆ ನೇರಳೆ ಛಾಯೆ. ಬುಡದಲ್ಲಿ ದುಂಡಗೆ, ಮೇಲೆ ಹೋದಂತೆ ನಾಲ್ಕು ಏಣು. ಒಳಗೆ ಹಳದಿ ಬಣ್ಣದ ಅಗಲವಾದ ಮೆದು ತಿರುಳು, ಉಗುರಿನಿಂದ ಕೆದಕಿದರೆ ಬಿಟ್ಟುಬರುತ್ತದೆ. ನೆಲಬೇವು ಒಣಗಿದರೂ ಹಸಿರು. ಕಡ್ಡಿ ಸಣ್ಣದು, ಉದ್ದಕ್ಕೂ ಚೌಕ. ಜೊತೆಗೆ ಒಡೆದ ಎಲೆಯ ಚೂರು, ಸಣ್ಣ ಉದ್ದನೆ ಕಾಯಿಗಳೂ ಇರುತ್ತವೆ. ಇದಕ್ಕೇ ಪುಡಿ ಕೊಳ್ಳಬಾರದು ಎನ್ನುವುದು. ಪುಡಿಯಲ್ಲಿ ತಿರುಳು ಎಲ್ಲಿ ನೋಡುತ್ತೀರಿ?

ಮನೆಮದ್ದಿಗೆ, ಬಾಯಿರುಚಿ ಮರಳಲು, ನೆಲಬೇವೇ ಸಾಕು. ಅದಕ್ಕಾಗಿ ದುಬಾರಿ ಬೆಟ್ಟದ ಕಡ್ಡಿ ಬೇಕಿಲ್ಲ. ಜ್ವರಕ್ಕೆ ಕೊಡುವ ಆಯುರ್ವೇದದ ಪುಡಿಯಾದ ಸುದರ್ಶನ ಚೂರ್ಣ ಮಾಡುವವರ ಮಾತು ಬೇರೆ: ಅದರಲ್ಲಿ ಉಳಿದೆಲ್ಲ ದ್ರವ್ಯಗಳ ಒಟ್ಟು ತೂಕದ ಅರ್ಧದಷ್ಟು ಕಿರಾತತಿಕ್ತವೇ ಬೀಳಬೇಕು, ಅಲ್ಲಿ ಅದಲುಬದಲು ಸಲ್ಲದು.

ಕಷಾಯದ ಲೆಕ್ಕ ಹಳೆಯದು: ಒಂದು ಪಾಲು ಮದ್ದಿಗೆ ಹದಿನಾರು ಪಾಲು ನೀರು, ಕಾಲು ಭಾಗಕ್ಕೆ ಇಳಿಸುವುದು. 10 ಗ್ರಾಂ ಕಡ್ಡಿಯನ್ನು ತೊಳೆದು ಒರಳಲ್ಲಿ ತರಿತರಿಯಾಗಿ ಕುಟ್ಟಿ. ನುಣ್ಣಗೆ ಮಾಡಿದರೆ ತಳ ಹಿಡಿಯುತ್ತದೆ, ಬಟ್ಟೆಯಲ್ಲೂ ಸೋಸದು. 160 ಮಿಲಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಸ್ಟೀಲ್ ಪಾತ್ರೆಯಲ್ಲಿ, ಮುಚ್ಚಳವಿಲ್ಲದೆ, ಸಣ್ಣ ಉರಿಯಲ್ಲಿ ಸುಮಾರು 40 ಮಿಲಿ ಉಳಿಯುವಷ್ಟು ಕುದಿಸಿ. ಉರಿ ಜೋರಾದರೆ ಸಾರ ಇಳಿಯುವ ಮೊದಲೇ ನೀರು ಇಂಗುತ್ತದೆ. ದೊಡ್ಡವರು ಬೆಳಿಗ್ಗೆ ಅರ್ಧ, ಸಂಜೆ ಅರ್ಧ, ಊಟಕ್ಕೆ ಅರ್ಧ ಗಂಟೆ ಮುಂಚೆ. ಒಂದು ಚಿಟಿಕೆ ಶುಂಠಿಪುಡಿ ಸೇರಿಸಬಹುದು. ಬೆಲ್ಲ ಸುರಿದು ಕಹಿ ಮುಚ್ಚಿದರೆ ಪ್ರಯೋಜನವಿಲ್ಲ, ಹಸಿವು ಕೆರಳಿಸುವುದೇ ಆ ಕಹಿ. ನಿನ್ನೆಯದನ್ನು ಇಟ್ಟು ಕುಡಿಯಬೇಡಿ, ಹುಳಿಯುತ್ತದೆ. ನಾಲ್ಕೈದು ದಿನ ಕುಡಿದು ನಿಲ್ಲಿಸಿ.

ಬಸುರಿಯರು, ಮಕ್ಕಳು, ಹೊಟ್ಟೆಹುಣ್ಣು ಇರುವವರು ಮುಟ್ಟುವುದು ಬೇಡ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ರಕ್ತದ ಸಕ್ಕರೆ ಇನ್ನಷ್ಟು ಇಳಿಯಬಹುದು, ವೈದ್ಯರನ್ನು ಕೇಳದೆ ಶುರುಮಾಡಬೇಡಿ. ಜ್ವರ ಮತ್ತೆ ಮರುಕಳಿಸಿದರಂತೂ ಕಷಾಯ ಪಕ್ಕಕ್ಕಿಟ್ಟು ಮೊದಲು ಮಲೇರಿಯಾ, ಡೆಂಗಿ ರಕ್ತಪರೀಕ್ಷೆ ಮಾಡಿಸಿ.