ಇಂಟರ್ನೆಟ್ ಇಲ್ಲದೆ ಮೊಬೈಲ್‌ನಲ್ಲಿ ಟಿವಿ: ತೊಡಕು ಇರುವುದು ಆಂಟೆನಾದಲ್ಲಿ

ಕಂಬಳದ ನೇರಪ್ರಸಾರದ ಕೆಲಸಕ್ಕೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಕೋಣ ಮಂಜೊಟ್ಟಿ ಮುಟ್ಟಿಯಾಯ್ತು, ಮೊಬೈಲ್‌ನಲ್ಲಿ ಇನ್ನೂ ಗಂತಿನಲ್ಲೇ ನಿಂತಿದೆಯಲ್ಲ?"

ಗಂತು ಅಂದರೆ ಓಟ ಶುರುವಾಗುವ ಜಾಗ, ಮಂಜೊಟ್ಟಿ ಅಂದರೆ ಮುಗಿಯುವ ಜಾಗ. ಫೋನಿನ ತಪ್ಪಲ್ಲ ಅದು. ಇಂಟರ್ನೆಟ್‌ನಲ್ಲಿ ವಿಡಿಯೊವನ್ನು ತುಂಡು ತುಂಡಾಗಿ ಕತ್ತರಿಸಿ ಕಳಿಸುತ್ತೇವೆ. ಒಂದೊಂದು ತುಂಡು ಆರು ಸೆಕೆಂಡ್ ಅಂತಿಟ್ಟುಕೊಳ್ಳಿ. ನಡುವೆ ತಡೆ ಬರದಿರಲಿ ಎಂದು ಪ್ಲೇಯರ್ ಮೂರು ತುಂಡು ಕೂಡಿಟ್ಟುಕೊಂಡು ಶುರು ಮಾಡುತ್ತದೆ. ಅಲ್ಲಿಗೇ 18 ಸೆಕೆಂಡ್ ಹೋಯಿತು. 2020ರಲ್ಲಿ ಐಕಳ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಓಡಿದ್ದು 13.62 ಸೆಕೆಂಡಿನಲ್ಲಿ. ಲೆಕ್ಕ ನೀವೇ ಹಾಕಿ.

ಇನ್ನೊಂದು ತೊಂದರೆ ಜನ ಸೇರಿದಾಗ. ಇಂಟರ್ನೆಟ್‌ನಲ್ಲಿ ನೋಡುವ ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರತಿ ಹೋಗಬೇಕು. ಪರ್ಯಾಯ ಉತ್ಸವದ ರಾತ್ರಿ ಉಡುಪಿಯ ರಥಬೀದಿಯಲ್ಲಿ ಎಲ್ಲರೂ ಫೋನ್ ತೆರೆದರೆ ಟವರ್ ಉಸಿರುಗಟ್ಟುತ್ತದೆ. ಬ್ರಾಡ್‌ಕಾಸ್ಟ್, ಅಂದರೆ ಟಿವಿ ಟವರಿನಿಂದ ನೇರ ಫೋನಿಗೇ ಸಿಗ್ನಲ್ ಬಿಡುವುದು, ಹಾಗಲ್ಲ. ಮನೆ ಮನೆಗೆ ಫೋನ್ ಮಾಡುವ ಬದಲು ಮೈಕಿನಲ್ಲಿ ಕೂಗಿದ ಹಾಗೆ. ಒಬ್ಬ ನೋಡಲಿ, ಲಕ್ಷ ಜನ ನೋಡಲಿ, ಟ್ರಾನ್ಸ್‌ಮಿಟರ್‌ಗೆ ಕೆಲಸ ಒಂದೇ.

ನಮ್ಮ ಮಳೆಗೂ ಇದು ಒಗ್ಗುತ್ತದೆ. ಆಷಾಢದ ಜಡಿಮಳೆಗೆ ಡಿಟಿಎಚ್ ಕೈಕೊಡುವುದು ಗೊತ್ತೇ ಇದೆ. ಉಪಗ್ರಹದಿಂದ ಬರುವ ಆ ಅಲೆ 12 ಗಿಗಾಹರ್ಟ್ಸ್ ಆಸುಪಾಸಿನದು, ದಪ್ಪ ಹನಿಗಳು ಅದನ್ನು ಹೀರಿಕೊಳ್ಳುತ್ತವೆ. ಟಿವಿ ಟವರಿನ 550 ಮೆಗಾಹರ್ಟ್ಸ್ ಅಲೆಗೆ ಮಳೆ ಲೆಕ್ಕಕ್ಕೇ ಇಲ್ಲ. ಅದಕ್ಕೆ ಅಡ್ಡಿ ಗುಡ್ಡಗಳು. ಕದ್ರಿ ಗುಡ್ಡದಂಥ ಎತ್ತರದಿಂದ ಕಡಲ ಕಡೆಗೆ ಸಲೀಸು, ಘಟ್ಟದ ಬುಡದ ಊರುಗಳಿಗೆ ಮಾತ್ರ ಇನ್ನಷ್ಟು ಟ್ರಾನ್ಸ್‌ಮಿಟರ್ ಬೇಕಾಗುತ್ತದೆ. ಡಿಜಿಟಲ್‌ನ ಅನುಕೂಲ ಏನೆಂದರೆ ಅವೆಲ್ಲ ಒಂದೇ ಫ್ರೀಕ್ವೆನ್ಸಿಯಲ್ಲಿ ನಡೆಯಬಹುದು. ಗುಡ್ಡಕ್ಕೆ ಬಡಿದು ತಡವಾಗಿ ಬಂದ ಅಲೆಯನ್ನೂ ರಿಸೀವರ್ ಸುಧಾರಿಸಿಕೊಳ್ಳುತ್ತದೆ. ಹಳೆಯ ಟಿವಿಯಲ್ಲಿ ಅದೇ ಅಲೆ ನೆರಳಾಗಿ ಕಾಣುತ್ತಿತ್ತು, ನೆನಪಿದೆಯಲ್ವಾ?

ಹಾಗಿದ್ದರೆ ಫೋನಿಗೆ ಇಂಥ ಟಿವಿ ಇಷ್ಟು ದಿನ ಯಾಕೆ ಬರಲಿಲ್ಲ? ಬಂದಿತ್ತು, ಬೇರೆ ದೇಶಗಳಲ್ಲಿ. ಜಪಾನ್ 2006ರಲ್ಲೇ ಟಿವಿ ಚಾನೆಲ್‌ನ 13 ಭಾಗಗಳಲ್ಲಿ ಒಂದನ್ನು ಮೊಬೈಲ್‌ಗೆಂದು ಬಿಟ್ಟುಕೊಟ್ಟಿತು. ಕೊರಿಯಾದಲ್ಲೂ ಜನ ನೋಡಿದರು. ಅಮೆರಿಕದಲ್ಲಿ ಚಿಪ್ ಕಂಪನಿ ಕ್ವಾಲ್‌ಕಾಮ್ ಶುರು ಮಾಡಿದ ಮೀಡಿಯಾಫ್ಲೋ ಎಂಬ ಮೊಬೈಲ್ ಟಿವಿ ಸೇವೆ 2011ರಲ್ಲಿ ಮುಚ್ಚಿತು. ನಮ್ಮಲ್ಲಿ ದೂರದರ್ಶನ 2016ರಲ್ಲಿ 16 ನಗರಗಳಲ್ಲಿ ಡಿಜಿಟಲ್ ಸಿಗ್ನಲ್ ಬಿಟ್ಟಿತು. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ಬೆಂಗಳೂರು ಒಂದೇ. ಫೋನ್‌ನಲ್ಲಿ ನೋಡಬೇಕಾದರೆ ಡಾಂಗಲ್ ಎಂಬ ಪುಟ್ಟ ರಿಸೀವರ್ ಸಿಕ್ಕಿಸಬೇಕಿತ್ತು. ಡಾಂಗಲ್ ಹೊತ್ತು ತಿರುಗುವವರು ಯಾರು?

ಆ ಡಾಂಗಲ್‌ಗೆ ಕಾರಣ ಆಂಟೆನಾ. 550 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 55 ಸೆಂಟಿಮೀಟರ್. ಅದರ ಕಾಲು ಭಾಗದಷ್ಟು, ಅಂದರೆ 14 ಸೆಂಟಿಮೀಟರ್ ಹತ್ತಿರದ ಕಡ್ಡಿ ಇದ್ದರೆ ಸಿಗ್ನಲ್ ಚೆನ್ನಾಗಿ ಹಿಡಿಯುತ್ತದೆ. ಅದು ಹೆಚ್ಚುಕಡಿಮೆ ಇಡೀ ಫೋನಿನ ಉದ್ದ! 5ಜಿಯ 3.5 ಗಿಗಾಹರ್ಟ್ಸ್‌ಗೆ ಎರಡು ಸೆಂಟಿಮೀಟರ್ ಸಾಕು. ಜಪಾನಿನ ಎಷ್ಟೋ ಫೋನ್‌ಗಳಲ್ಲಿ ಎಳೆದು ಉದ್ದ ಮಾಡುವ ಕಡ್ಡಿ ಇದ್ದದ್ದು ಇದಕ್ಕೇ. ಎಫ್‌ಎಂ ಕೇಳಲು ಇಯರ್‌ಫೋನ್ ವೈರು ಚುಚ್ಚುತ್ತಿದ್ದೆವಲ್ಲ, ಆ ಉಪಾಯ ಇಲ್ಲೂ ನಡೆಯುತ್ತದೆ. ಆದರೆ ಈಗಿನ ಎಷ್ಟೋ ಫೋನ್‌ಗಳಲ್ಲಿ ಚುಚ್ಚುವ ತೂತೇ ಮಾಯ.

ಈಗ ಸುದ್ದಿಯಲ್ಲಿರುವ 'ಡೈರೆಕ್ಟ್ ಟು ಮೊಬೈಲ್' ಕೂಡ ಇದೇ ಅಲೆಗಳದ್ದು. ಅದನ್ನು ರೂಪಿಸಿದ್ದು ಐಐಟಿ ಕಾನ್ಪುರ ಮತ್ತು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್. ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಪ್ರಯೋಗವೂ ಆಗಿದೆ. ತಂತ್ರಜ್ಞಾನದ ಬಗ್ಗೆ ನನಗೆ ಅನುಮಾನವಿಲ್ಲ. ಫೋನ್ ಕಂಪನಿಗಳ ಬಗ್ಗೆ ಇದೆ. ಸಿಗ್ನಲ್ ಓದುವ ಚಿಪ್‌ಗೂ ಆಂಟೆನಾಕ್ಕೂ ಖರ್ಚು ಅವರದು, ಲಾಭ ಪ್ರಸಾರ ಮಾಡುವವರದು. ಡೇಟಾ ಮಾರಿ ಬದುಕುವ ಟೆಲಿಕಾಂ ಕಂಪನಿಗಳಿಗಂತೂ ಇದು ಬೇಡವೇ ಬೇಡ.

ಈ ನಡುವೆ 'ನೆಟ್ ಇಲ್ಲದೆ ಲೈವ್ ಟಿವಿ' ಎಂಬ ಆ್ಯಪ್ ಲಿಂಕ್‌ಗಳು ವಾಟ್ಸಾಪ್‌ನಲ್ಲಿ ಬಂದರೆ ಸುಮ್ನೆ ಡಿಲೀಟ್ ಮಾಡಿ. ಫೋನ್‌ನಲ್ಲಿ ಆ ಚಿಪ್ ಇಲ್ಲದಿದ್ದರೆ ಯಾವ ಆ್ಯಪ್‌ಗೂ ಸಿಗ್ನಲ್ ಸಿಗುವುದಿಲ್ಲ.