ಕಾರ್ಟಿಸಾಲ್ ಲೆಕ್ಕ ತಪ್ಪುವುದು ಹೆಚ್ಚಾಗಿ ಕ್ಯಾನಿನಲ್ಲೇ

ಕುಶಿಂಗ್ ಸಿಂಡ್ರೋಮ್ (ಕಾರ್ಟಿಸಾಲ್ ಎಂಬ ಹಾರ್ಮೋನು ದೇಹದಲ್ಲಿ ಅತಿಯಾಗುವ ಕಾಯಿಲೆ) ಶಂಕೆಯಿದ್ದರೆ 24 ಗಂಟೆಯ ಮೂತ್ರದಲ್ಲಿ ಕಾರ್ಟಿಸಾಲ್ ಅಳೆಯುತ್ತೇವೆ. ಯಂತ್ರ ಹೇಳುವುದು ಲೀಟರಿಗೆ ಎಷ್ಟು ಮೈಕ್ರೋಗ್ರಾಂ ಎಂದಷ್ಟೇ. ಅದನ್ನು ದಿನದ ಒಟ್ಟು ಮೂತ್ರದಿಂದ ಗುಣಿಸಬೇಕು. ಲೀಟರಿಗೆ 20 ಇದ್ದು ಮೂತ್ರ 1.8 ಲೀಟರ್ ಆದರೆ ದಿನಕ್ಕೆ 36. ಅದರಲ್ಲಿ ಅರ್ಧ ಲೀಟರ್ ಮೂತ್ರ ಸಂಗ್ರಹದ ಕ್ಯಾನಿಗೆ ಬೀಳದೇ ಹೋದರೆ ವರದಿಯಲ್ಲಿ 26 ಬರುತ್ತದೆ, ಯಂತ್ರ ಎಷ್ಟೇ ದುಬಾರಿಯದಿರಲಿ.

ಬೆಳಿಗ್ಗೆ 6ಕ್ಕೆ ಎದ್ದಾಗಿನ ಮೂತ್ರ ಕ್ಯಾನಿಗೆ ಹಾಕಬಾರದು. ಹೊರಗೆ ಬಿಟ್ಟು ಸಮಯ ಬರೆದಿಡಿ. ಅಲ್ಲಿಂದ ಮುಂದಿನದೆಲ್ಲ ಬೇಕು, ಮರುದಿನ 6ರದ್ದೂ ಸೇರಿ. "ಹೊಲಕ್ಕ ಹೋದಾಗ ಹ್ಯಾಂಗ್ರಿ?" ಎಂದು ಅಫಜಲಪುರ, ಸೇಡಂ ಕಡೆಯವರು ಕೇಳುವುದು ಸರಿಯೇ. ಮನೆಯಲ್ಲಿರುವ ದಿನ ಆರಿಸಿಕೊಳ್ಳುವುದೊಂದೇ ದಾರಿ. ಕಲಬುರಗಿಯ ಮೇ ತಿಂಗಳಲ್ಲಿ ಕ್ಯಾನ್ ಫ್ರಿಜ್ಜಿನಲ್ಲಿರಲಿ, ಇಲ್ಲವೇ ಐಸ್ ಹಾಕಿದ ಥರ್ಮಾಕೋಲ್ ಡಬ್ಬಿಯಲ್ಲಿ. ಬಿಸಿಲಿಗೆ ಹೆದರಿ 5 ಲೀಟರ್ ನೀರು ಕುಡಿದರೆ ಕಾಯಿಲೆ ಇಲ್ಲದಿದ್ದರೂ ಕಾರ್ಟಿಸಾಲ್ ಏರಿ ಕಾಣಬಹುದು. ಅಡ್ರಿನಲ್ ಗ್ರಂಥಿಯ ಗಡ್ಡೆ ಹುಡುಕಲು ಹೀಗೆಯೇ ಮೂತ್ರ ಸಂಗ್ರಹಿಸುವ ಮೆಟಾನೆಫ್ರಿನ್ ಪರೀಕ್ಷೆಯ ಕ್ಯಾನಿನಲ್ಲಿ ಆಸಿಡ್ ಇರಬಹುದು. ನೇರವಾಗಿ ಅದರೊಳಗೆ ಮೂತ್ರ ಮಾಡಬೇಡಿ, ಮಗ್ಗಿನಲ್ಲಿ ಹಿಡಿದು ಸುರಿಯಿರಿ.

ಲ್ಯಾಬಿನಲ್ಲಿ ಮೊದಲು ಕ್ಯಾನ್ ಚೆನ್ನಾಗಿ ಅಲುಗಾಡಿಸಿ ಪ್ರಮಾಣ ಬರೆದುಕೊಳ್ಳಬೇಕು, ಆಮೇಲೆ 10 ಮಿಲಿಲೀಟರ್ ತೆಗೆಯಬೇಕು. ಜತೆಗೇ ಕ್ರಿಯಾಟಿನಿನ್ (ಸ್ನಾಯುಗಳಿಂದ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೂತ್ರಕ್ಕೆ ಬರುವ ತ್ಯಾಜ್ಯ) ನೋಡಿ: 60 ಕಿಲೋ ತೂಕದ ಗಂಡಸಿಗೆ ದಿನಕ್ಕೆ ಸುಮಾರು 1,200 ಮಿಲಿಗ್ರಾಂ ಇರಬೇಕಾದಲ್ಲಿ 600 ಬಂದರೆ ಸಂಗ್ರಹವೇ ಅರೆಬರೆ ಎಂದು ಮೊದಲು ಅನುಮಾನಿಸಬೇಕು. ಅಂಥ ಮಾದರಿಗೆ ಕಾರ್ಟಿಸಾಲ್ ವರದಿ ಕೊಡದಿರುವುದೇ ಮೇಲು.

ಮುಂದೆ ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಸೇರಿದ ಕಾರ್ಟಿಸಾಲನ್ನು ಗೊತ್ತಾದ ಅಳತೆಯಲ್ಲಿ ಬೆರೆಸುತ್ತಾರೆ. ಸೋಸುವಾಗ ಕಳೆದುಹೋದದ್ದು, ಮೂತ್ರದ ಲವಣಗಳಿಂದ ಸಿಗ್ನಲ್ ಕುಗ್ಗಿದ್ದು ಎರಡರಲ್ಲೂ ಇದೂ ಅಷ್ಟೇ ಪಾಲು ಕಡಿಮೆಯಾಗುವುದರಿಂದ ಲೆಕ್ಕ ಸರಿದೂಗುತ್ತದೆ. ಸೋಸುವ ಕಾರ್ಟ್ರಿಜ್ಜಿನಲ್ಲಿ ಹಾಯಿಸಿ, ನೈಟ್ರೋಜನ್ ಊದಿ ಒಣಗಿಸಿ, ಮೆಥನಾಲ್ ಮತ್ತು ನೀರಿನಲ್ಲಿ ಕರಗಿಸಿ ಪದಾರ್ಥಗಳನ್ನು ಒಂದೊಂದಾಗಿ ಬೇರ್ಪಡಿಸುವ ಸಿ-18 ಕಾಲಮ್ಮಿಗೆ (ನಳಿಕೆಗೆ) ಬಿಡುತ್ತಾರೆ.

ಇಲ್ಲೇ ಇರುವುದು ಸೂಕ್ಷ್ಮ. ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಕಾರ್ಟಿಸಾಲ್ 363ಕ್ಕೆ ಕಾಣುತ್ತದೆ, ಅದನ್ನೇ ಹೋಲುವ ಸ್ಟಿರಾಯ್ಡ್ ಔಷಧ ಪ್ರೆಡ್ನಿಸೊಲೋನ್ 361ಕ್ಕೆ. ಆದರೆ ನೈಸರ್ಗಿಕವಾಗಿಯೇ ತುಸು ಭಾರದ ಕಾರ್ಬನ್-13 ಎರಡು ಸೇರಿಕೊಂಡ ಪ್ರೆಡ್ನಿಸೊಲೋನ್ ಅಣುಗಳು 363ರಲ್ಲೇ ಬಂದು ಕೂರುತ್ತವೆ. ಉಬ್ಬಸಕ್ಕೆ ಆ ಮಾತ್ರೆ ನುಂಗುವವರ ಮೂತ್ರದಲ್ಲಿ ಅದು ಸಾಕಷ್ಟಿರುತ್ತದೆ. ಹಾಗಾಗಿ ಕಾಲಮ್ಮೇ ಎರಡನ್ನೂ ಬೇರ್ಪಡಿಸಿ ಕಳಿಸಬೇಕು. ಎರಡೂ ಬೆರೆತ ಮಾದರಿಯನ್ನು ಆಗಾಗ ಓಡಿಸಿ, ಗ್ರಾಫಿನಲ್ಲಿ ಎರಡು ಶಿಖರಗಳ ನಡುವೆ ಗೆರೆ ತಳ ಮುಟ್ಟುತ್ತದೆಯೇ ನೋಡಿ. ಮುಟ್ಟದಿದ್ದರೆ ಕಾಲಮ್ ಬದಲಿಸುವ ಹೊತ್ತಾಗಿದೆ. ಪ್ರತಿಕಾಯ ಬಳಸಿ ಅಳೆಯುವ ಇಮ್ಯುನೊಅಸ್ಸೇಯಲ್ಲಿ ಬೇರ್ಪಡಿಸುವ ಹಂತವೇ ಇಲ್ಲವಾದ್ದರಿಂದ ಪ್ರೆಡ್ನಿಸೊಲೋನೂ ಬಹುಮಟ್ಟಿಗೆ ಕಾರ್ಟಿಸಾಲ್ ಲೆಕ್ಕಕ್ಕೇ ಸೇರಿಬಿಡುತ್ತದೆ.

ಮುಖ ಊದಿ ದುಂಡಗಾಗಿದೆ, ಕಾರ್ಟಿಸಾಲ್ ಮಾತ್ರ ತೀರಾ ಕಡಿಮೆ ಎಂದಾದರೆ ಮೊಣಕಾಲು ನೋವಿಗೆ ತಂದ ಹೆಸರಿಲ್ಲದ ಪುಡಿ, ಗುಳಿಗೆಗಳ ಬಗ್ಗೆ ಕೇಳಿ. ಅವುಗಳಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ಮುಖ ಊದುತ್ತದೆ, ದೇಹದ ಸ್ವಂತ ಕಾರ್ಟಿಸಾಲ್ ತಗ್ಗುತ್ತದೆ. ಪೊಟ್ಟಣವನ್ನೇ ತರಿಸಿಕೊಳ್ಳುವುದು ಒಳ್ಳೆಯದು. ಅಂಥ ಸ್ಟಿರಾಯ್ಡುಗಳಲ್ಲೊಂದಾದ ಡೆಕ್ಸಾಮೆಥಾಸೋನ್ 393ರಲ್ಲಿ ಬರುತ್ತದೆ. ಅದನ್ನೂ ಹುಡುಕಿ ಎಂದು ಚೀಟಿಯಲ್ಲಿ ಬರೆದರಷ್ಟೇ ಲ್ಯಾಬಿನವರು ಹುಡುಕುತ್ತಾರೆ.