ಹೊಕ್ಕುಳಬಳ್ಳಿಯ ರಕ್ತ ಹೆಪ್ಪುಗಟ್ಟದಂತೆ

ಹೆರಿಗೆ ಕೋಣೆಯಿಂದ ಬಂದ ಹೊಕ್ಕುಳಬಳ್ಳಿ ರಕ್ತದ ಚೀಲವನ್ನು ನಾನು ಮೊದಲು ಅಂಗೈಯಲ್ಲಿಟ್ಟು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತೇನೆ. ಹುರುಳಿಕಾಳಿನಷ್ಟು ಹೆಪ್ಪು ಬೆರಳಿಗೆ ತಾಗಿದರೂ ಸಂಕಟವಾಗುತ್ತದೆ, ಏಕೆಂದರೆ ನಮಗೆ ಬೇಕಾದ, ಹೊಸ ರಕ್ತಕಣಗಳನ್ನು ಹುಟ್ಟಿಸಬಲ್ಲ ಕಾಂಡಕೋಶಗಳೂ ಅದರೊಳಗೆ ಸಿಕ್ಕಿಕೊಂಡಿರುತ್ತವೆ. 1988ರಲ್ಲಿ ಪ್ಯಾರಿಸ್ಸಿನಲ್ಲಿ ವೈದ್ಯೆ ಎಲಿಯಾನ್ ಗ್ಲುಕ್‌ಮನ್ ಅವರ ತಂಡ ಫ್ಯಾಂಕೋನಿ ರಕ್ತಹೀನತೆ ಎಂಬ ಆನುವಂಶಿಕ ಕಾಯಿಲೆಯ ಬಾಲಕನಿಗೆ ಅವನ ತಂಗಿಯ ಹೊಕ್ಕುಳಬಳ್ಳಿಯಿಂದ ಪಡೆದು ಕೊಟ್ಟದ್ದು ಇಂಥ ಕೋಶಗಳನ್ನೇ.

ಚೀಲದಲ್ಲಿ ಮೊದಲೇ ಇರುವ ಸಿಪಿಡಿ (ಸಿಟ್ರೇಟ್, ಫಾಸ್ಫೇಟ್, ಡೆಕ್ಸ್‌ಟ್ರೋಸ್) ದ್ರಾವಣದ ಸಿಟ್ರೇಟ್, ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಸಿಗದೆ ಹೆಪ್ಪುಗಟ್ಟುವ ಕ್ರಿಯೆ ಮುಂದುವರಿಯುವುದಿಲ್ಲ. ಡೆಕ್ಸ್‌ಟ್ರೋಸ್ ಕೋಶಗಳಿಗೆ ಆಹಾರ, ಫಾಸ್ಫೇಟ್ ಆಮ್ಲತೆಯನ್ನು ಹತೋಟಿಯಲ್ಲಿಡುತ್ತದೆ. ಸಾಮಾನ್ಯ ಲೆಕ್ಕ 10 ಮಿಲಿಲೀಟರ್ ರಕ್ತಕ್ಕೆ 1.4 ಮಿಲಿಲೀಟರ್ ದ್ರಾವಣ. ಅಂದರೆ 35 ಮಿಲಿಲೀಟರ್ ದ್ರಾವಣವಿರುವ ಚೀಲ 250 ಮಿಲಿಲೀಟರ್ ರಕ್ತಕ್ಕೆ ಸಾಕು. ಆದರೆ ಹೊಕ್ಕುಳಬಳ್ಳಿ ಅಷ್ಟು ಕೊಡುವುದು ತೀರ ಅಪರೂಪ, ರಕ್ತ ಕಡಿಮೆ ಬಂದಷ್ಟೂ ಸಿಟ್ರೇಟಿನ ಪಾಲು ಹೆಚ್ಚುತ್ತದೆ. ಹಾಗೆಂದು ಚೀಲ ತುಂಬಿಸುವ ಆಸೆಗೆ ಬಳ್ಳಿಯನ್ನು ಬೇಗ ಕತ್ತರಿಸುವುದನ್ನು ನಾನು ಒಪ್ಪುವುದಿಲ್ಲ. ಮಗು ಹುಟ್ಟಿದ ಮೇಲೆ ಕನಿಷ್ಠ ಒಂದು ನಿಮಿಷ ಕಾಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ರಕ್ತ ಮೊದಲು ಮಗುವಿನದು. ಬಳ್ಳಿ ಕತ್ತರಿಸಿ ಮಗುವನ್ನು ಬೇರ್ಪಡಿಸಿದ ಮೇಲಷ್ಟೇ ಸೂಜಿ ಚುಚ್ಚಬೇಕು. ಆಗ ಸಿಟ್ರೇಟ್ ಮಗುವಿನ ದೇಹ ಸೇರುವ ಪ್ರಶ್ನೆಯೇ ಬರದು.

ಉಳಿದದ್ದು ಕೈಯ ನಾಜೂಕು. ಚುಚ್ಚುವ ಜಾಗವನ್ನು ಸೋಂಕುನಿವಾರಕದಿಂದ ಒರೆಸಿ, ಅದು ಒಣಗುವವರೆಗೆ ಕಾಯಬೇಕು. ಬಳ್ಳಿಯ ಮೂರು ರಕ್ತನಾಳಗಳಲ್ಲಿ ಅಗಲವಾದ ಅಭಿಧಮನಿಗೆ ಸೂಜಿ ಹಾಕಿ, ಚೀಲವನ್ನು ಕೆಳಗೆ ಹಿಡಿದರೆ ರಕ್ತ ತಾನಾಗಿ ಇಳಿಯುತ್ತದೆ. ಮೊದಲ ಹನಿಯಿಂದಲೇ ಚೀಲವನ್ನು ತೊಟ್ಟಿಲು ತೂಗಿದ ಹಾಗೆ ಅತ್ತಿತ್ತ ಆಡಿಸಬೇಕು. ಜೋರಾಗಿ ಅಲುಗಾಡಿಸಿದರೆ ಕೆಂಪು ಕೋಶಗಳು ಒಡೆಯುತ್ತವೆ, ಸುಮ್ಮನೆ ಬಿಟ್ಟರೆ ದ್ರಾವಣ ಒಂದೆಡೆ, ರಕ್ತ ಇನ್ನೊಂದೆಡೆ ನಿಲ್ಲುತ್ತದೆ.

ನಾನು ಕಂಡ ಎಷ್ಟೋ ಹೆಪ್ಪುಗಳು ಶುರುವಾದದ್ದು ಸೂಜಿಯನ್ನು ಚೀಲಕ್ಕೆ ಸೇರಿಸುವ ಕೊಳವೆಯಲ್ಲಿ. ಅಲ್ಲಿ ನಿಂತ ರಕ್ತಕ್ಕೆ ಸಿಟ್ರೇಟ್ ಸರಿಯಾಗಿ ಸೇರಿರುವುದಿಲ್ಲ. ಆದ್ದರಿಂದ ಹರಿವು ನಿಂತ ಕೂಡಲೇ ಸೂಜಿಯ ಕಡೆ ಕ್ಲಾಂಪ್ ಹಾಕಿ, ಕೊಳವೆಯನ್ನು ನೀವಿ ಆ ರಕ್ತವನ್ನು ಚೀಲಕ್ಕೆ ತಳ್ಳಿ, ಮತ್ತೆ ಕೆಲವು ಸಲ ಚೀಲವನ್ನು ಆಡಿಸಿ, ಆಮೇಲೆ ಸೀಲು ಮಾಡಿ ತಾಯಿಯ ಗುರುತಿನ ಚೀಟಿಯನ್ನು ಅಂಟಿಸಬೇಕು.